ವಾರಸುದಾರರಿಲ್ಲದ ಗುಡ್ಡ

ದೋಣಿ ಹತ್ತುವ ಮುನ್ನ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳಿ. ದಂಡೆಯ ಬಂಡೆಗೆ ಪಾಚಿ ಹತ್ತಿದೆ, ಬರಿಗಾಲಾದರೆ ಜಾರುವುದು ಕಡಿಮೆ. ಕಾರ್ತಿಕ ಮುಗಿಯುತ್ತ ಬಂದಿದೆ. ಬೆಳಗಿನ ಆರೂವರೆಗೆ ಆನೆಗೊಂದಿಯ ಈ ದಡದಲ್ಲಿ ತುಂಗಭದ್ರೆಯ ಮೇಲೆ ತೆಳ್ಳಗೆ ಹಬೆ ಆಡುತ್ತಿದೆ. ಸುತ್ತಲಿನ ಬಂಡೆಗುಡ್ಡಗಳಿಗೆ ಇನ್ನೂ ಬುಡವಿಲ್ಲ, ತಲೆ ಮಾತ್ರ ಇದೆ. ನಿಮ್ಮ ಪಕ್ಕದಲ್ಲಿ ಕೂತ ಹೆಂಗಸು ರಾಯಚೂರಿನಿಂದ ರಾತ್ರಿ ಬಸ್ಸಿಗೆ ಬಂದವರು. ಮಡಿಲಲ್ಲಿ ತುಳಸಿಯ ಪೊಟ್ಟಣ. ದೋಣಿ ಹೊರಟ ಮೇಲೆ ಅವರು ಒಂದು ಮಾತೂ ಆಡಿಲ್ಲ, ತುಟಿ ಮಾತ್ರ ಅಲುಗುತ್ತಿದೆ.

ನಡುಗಡ್ಡೆ ಬಂತು. ಮರಳು ದಾಟಿ ಮೇಲೆ ಹತ್ತಿದರೆ ಬಯಲಿನಲ್ಲಿ ಒಂಬತ್ತು ಬೃಂದಾವನಗಳು. ಪದ್ಮನಾಭತೀರ್ಥರು, ಕವೀಂದ್ರತೀರ್ಥರು, ವಾಗೀಶತೀರ್ಥರು, ರಘುವರ್ಯತೀರ್ಥರು, ಸುಧೀಂದ್ರತೀರ್ಥರು. ಮಾಧ್ವ ಪರಂಪರೆಯ ಒಂಬತ್ತು ಯತಿಗಳು ಇಲ್ಲಿ ಒಂದೇ ಕಡೆ ಮಲಗಿದ್ದಾರೆ. ನಡುವೆ ಇರುವುದು ವ್ಯಾಸರಾಜರದು. ಕೃಷ್ಣದೇವರಾಯ ತಲೆಬಾಗಿದ ಗುರು, ಪುರಂದರದಾಸರಿಗೂ ಕನಕದಾಸರಿಗೂ ಗುರು, 1539ರಲ್ಲಿ ಬೃಂದಾವನಸ್ಥರಾದವರು. ಜನ ಸದ್ದಿಲ್ಲದೆ ಪ್ರದಕ್ಷಿಣೆ ಬರುತ್ತಿದ್ದಾರೆ. ನೀವೂ ಅವರ ಹಿಂದೆ ಹೆಜ್ಜೆ ಹಾಕಿ. ನದಿಯ ಸದ್ದು ಒಂದೇ ಕೇಳುವುದು.

ಎರಡನೇ ಸುತ್ತಿಗೆ ಸ್ವಲ್ಪ ನಿಂತು ವ್ಯಾಸರಾಜರ ಬೃಂದಾವನದ ಕಲ್ಲುಗಳನ್ನು ನೋಡಿ. ಒಂದರ ಮೇಲೊಂದು ಪೇರಿಸಿದ ಥರಗಳು. 2019ರ ಜುಲೈ ತಿಂಗಳ ಒಂದು ರಾತ್ರಿ ಇವೆಲ್ಲ ನೆಲದ ಮೇಲೆ ಚೆಲ್ಲಾಡಿದ್ದವು. ನಿಧಿಗಳ್ಳರು ಹಾರೆ ಹಾಕಿ ಕಿತ್ತು, ಅಡಿಯ ಮಣ್ಣಿನಲ್ಲಿ ಗುಂಡಿ ತೋಡಿ ಹೋಗಿದ್ದರು. ಬೆಳಗಾಗುವಾಗ ಸುದ್ದಿ ಹಬ್ಬಿತು. ಆಮೇಲೆ ನಡೆದದ್ದನ್ನು ನಾನು ಇವತ್ತಿಗೂ ಬೆರಗಿನಿಂದ ನೆನೆಯುತ್ತೇನೆ. ಜನ ಊರೂರಿನಿಂದ ಬಂದರು. ಚದುರಿದ ಕಲ್ಲುಗಳನ್ನು ಒಂದೊಂದಾಗಿ ಗುರುತಿಸಿ, ಹೊತ್ತು ತಂದು, ಒಂದೆರಡು ದಿನದೊಳಗೆ ಬೃಂದಾವನವನ್ನು ಮತ್ತೆ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಪೊಲೀಸರು ಕಳ್ಳರನ್ನೂ ಹಿಡಿದರು.

ಅವರು ಹುಡುಕಿದ್ದು ಬಂಗಾರವನ್ನು. ಯತಿಯ ಸಮಾಧಿಯಲ್ಲಿ ಬಂಗಾರ! ಸಂನ್ಯಾಸ ಎಂದರೇನು ಎಂದು ಕೇಳಿದರೆ ನಮ್ಮ ಊರಿನ ಯಾವ ಅಜ್ಜಿಯಾದರೂ ಹೇಳುತ್ತಾಳೆ: ಎಲ್ಲ ಬಿಡುವುದು. ದಂಡ, ಕಮಂಡಲು, ಕಾವಿ ಇಷ್ಟೇ ಉಳಿಸಿಕೊಂಡವರ ಎದೆಯ ಮೇಲೆ ನಿಂತು ಹಾರೆ ಎತ್ತಿದವನಿಗೆ ಈ ಮಾತು ಒಮ್ಮೆಯಾದರೂ ಹೊಳೆಯಲಿಲ್ಲವೇ?

ರಾಯಚೂರಿನ ಹೆಂಗಸು ತುಳಸಿಯನ್ನು ಅರ್ಚಕರ ಕೈಗೆ ಕೊಟ್ಟು ದೂರ ಹೋಗಿ ಕೂತಿದ್ದಾರೆ. ಅವರಂಥ ಸಾವಿರಾರು ಮಂದಿಗೆ ಈ ಕಲ್ಲು ತಮ್ಮದು. ಮುಟ್ಟಿದರೆ ನೋಯುತ್ತದೆ, ಬಿದ್ದರೆ ಎತ್ತುತ್ತಾರೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮಧ್ಯಾಹ್ನ ನಾವು ಹತ್ತಲಿರುವ ಗುಡ್ಡದಲ್ಲಿ ನಾನೂರಕ್ಕೂ ಹೆಚ್ಚು ಶಿಲಾ ಸ್ಮಾರಕಗಳಿವೆ. ಅಲ್ಲಿ ತುಳಸಿ ಹಿಡಿದು ಬರುವವರು ಯಾರೂ ಇಲ್ಲ.

ಗಂಗಾವತಿಯಲ್ಲಿ ತಿಂಡಿ. ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಾ. ಊರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಭತ್ತ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಸೀಮೆ ಭತ್ತದ ಕಣಜವಾಗಿದೆ. ಕೊಯ್ಲಿನ ಯಂತ್ರಗಳು ಗದ್ದೆಗೆ ಇಳಿದಿವೆ, ಹುಲ್ಲಿನ ಹಸಿ ವಾಸನೆ ಜೀಪಿನೊಳಗೆ ನುಗ್ಗುತ್ತಿದೆ. ದಾರಿಯ ಒಂದು ಸಣ್ಣ ಊರಿನಲ್ಲಿ ಇಳಿಯೋಣ. ಅಗಸಿಯ ಪಕ್ಕ, ಹನುಮಪ್ಪನ ಗುಡಿಯ ಗೋಡೆಗೆ ಆನಿಸಿದ ಕಲ್ಲು ಕಾಣುತ್ತಿದೆಯೇ? ತಲೆಯ ಭಾಗದಲ್ಲಿ ಸೂರ್ಯ, ಚಂದ್ರ, ನಡುವೆ ಲಿಂಗ, ಕರುವಿಗೆ ಹಾಲೂಡುವ ಹಸು. ಕೆಳಗೆ ಸಾಲು ಸಾಲು ಹಳಗನ್ನಡ ಅಕ್ಷರ, ಮೇಲೆ ಸುಣ್ಣದ ಪದರ. ದಾನಶಾಸನ. ಕರ್ನಾಟಕದ ಹಳ್ಳಿ ಹಳ್ಳಿಯಲ್ಲೂ ಇಂಥ ಕಲ್ಲುಗಳಿವೆ.

ಈ ಸೂರ್ಯಚಂದ್ರರ ಗುರುತೇ ನಿಧಿಗಳ್ಳರಿಗೆ ಕರೆಯೋಲೆ. ಕಲ್ಲಿನ ಮೇಲೆ ಸೂರ್ಯ ಚಂದ್ರ ಇದ್ದರೆ ಅಡಿಯಲ್ಲಿ ಹೊನ್ನು ಇದೆ, ಹಸು ನೋಡುವ ದಿಕ್ಕಿಗೆ ಇಷ್ಟು ಹೆಜ್ಜೆ ಇಟ್ಟು ಅಗೆಯಬೇಕು, ಅಕ್ಷರ ಎಂದರೆ ಕೊಪ್ಪರಿಗೆಯ ಲೆಕ್ಕ, ಹೀಗೆಲ್ಲ ಹೇಳಿಕೊಡುವವರು ಇದ್ದಾರೆ. ಅಂಜನ ಹಾಕಿ ನೋಡುವವನು ಒಬ್ಬ, ದುಡ್ಡು ಹಾಕುವವನು ಒಬ್ಬ, ಅಮಾವಾಸ್ಯೆಗೆ ದಿನ ಗೊತ್ತುಮಾಡುವವನು ಇನ್ನೊಬ್ಬ; ಕೊನೆಗೆ ಗುದ್ದಲಿ ಹಿಡಿಯುವವನು ಸಾಲದಲ್ಲಿ ಮುಳುಗಿದ ಕೂಲಿಯವನು. ಸಿಕ್ಕಿಬೀಳುವವನೂ ಬಹಳ ಸಲ ಅವನೇ.

ಆದರೆ ಸೂರ್ಯಚಂದ್ರರನ್ನು ಕೆತ್ತಿದವರ ಮನಸ್ಸಿನಲ್ಲಿ ಇದ್ದದ್ದು ಬೇರೆ. ಆಚಂದ್ರಾರ್ಕ: ಸೂರ್ಯಚಂದ್ರರು ಇರುವಷ್ಟು ಕಾಲ ಈ ದಾನ ನಡೆಯಲಿ. ಕೆರೆಗೆ ಬಿಟ್ಟ ಭೂಮಿ, ಗುಡಿಯ ನಂದಾದೀಪಕ್ಕೆ ಬಿಟ್ಟ ಗಾಣದ ಎಣ್ಣೆ, ಮಠದ ಮಕ್ಕಳ ಊಟಕ್ಕೆ ಬಿಟ್ಟ ಭತ್ತ, ಇವೇ ಆ ಅಕ್ಷರಗಳೊಳಗಿನ ಸಂಗತಿ. ಕೊನೆಯ ಸಾಲುಗಳಲ್ಲಿ ಸಾಮಾನ್ಯವಾಗಿ ಶಾಪ ಇರುತ್ತದೆ. ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪ ಸುತ್ತಿಕೊಳ್ಳಲಿ ಎಂದು. ಓದು ಬಾರದವರಿಗಾಗಿ ಕೆಲವು ಕಡೆ ಚಿತ್ರವನ್ನೇ ಕೆತ್ತಿ ಬೈದಿದ್ದಾರೆ. ಈ ನಾಡಿನಲ್ಲಿ ಪರಂಪರೆಯ ರಕ್ಷಣೆಗೆ ಮೊದಲ ಕಾಯ್ದೆ ಬರೆದವರು ಈ ಕಲ್ಲುಕುಟಿಗರು ಎಂದು ನನಗೆ ಅನ್ನಿಸುತ್ತದೆ. 1958ರ ಕೇಂದ್ರ ಕಾಯ್ದೆ, 1961ರ ರಾಜ್ಯ ಕಾಯ್ದೆ ಎಲ್ಲ ಆಮೇಲೆ.

ಕಲ್ಲಿನ ಬುಡದಲ್ಲಿ ನಿನ್ನೆಯ ಕುಂಕುಮ ಇದೆ, ಒಂದು ಮಲ್ಲಿಗೆ ಎಸಳು ಇದೆ. ಇದು ಉಳಿದದ್ದು ಹೀಗೆ. ಇತ್ತೀಚೆಗೆ ಬಳಿದ ಸುಣ್ಣ ಅಕ್ಷರಗಳನ್ನು ಮುಚ್ಚುತ್ತಿದೆ, ನಿಜ. ಆದರೂ ಕಲ್ಲು ಊರಿನ ಕಣ್ಣ ಮುಂದಿದೆ.

ಬನ್ನಿ, ಬಿಸಿಲು ಏರುತ್ತಿದೆ.

ಹಿರೇಬೆಣಕಲ್ ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಊರಾಚೆ ಗದ್ದೆಗಳು ಮುಗಿದು ಗುಡ್ಡದ ಕಾಲು ಶುರು. ನೀರಿನ ಬಾಟಲಿ ತುಂಬಿಕೊಳ್ಳಿ. ಮೊದಲು ಕುರುಚಲು, ಬಾರೆ, ಜಾಲಿ. ಮೇಲೆ ಹೋದಂತೆ ಸೀತಾಫಲದ ಗಿಡಗಳು, ಕೊನೆಯ ಕೆಲವು ಹಣ್ಣುಗಳನ್ನು ಹಕ್ಕಿ ಕುಕ್ಕಿ ಬಿಟ್ಟಿವೆ. ಇಲ್ಲಿ ಕರಡಿಗಳಿವೆ, ಮಾತಾಡುತ್ತ ನಡೆಯುವುದು ಒಳ್ಳೆಯದು. ಬಂಡೆಯ ಮೇಲೆ ಬಂಡೆ ಕೂತ ಈ ಸೀಮೆಯ ಗುಡ್ಡಗಳಲ್ಲಿ ದಾರಿ ಎನ್ನುವುದು ಕಾಲಿಗೆ ತಿಳಿಯುವ ಸಂಗತಿ, ಕಣ್ಣಿಗೆ ಕಾಣುವುದು ಕಡಿಮೆ. ದಾರಿ ಬದಿಯ ಬಂಡೆಗವಿಗಳಲ್ಲಿ ಕೆಮ್ಮಣ್ಣಿನ ಚಿತ್ರಗಳಿವೆ. ಕೈ ಕೈ ಹಿಡಿದು ಕುಣಿಯುವ ಮಂದಿ, ಆಯುಧ ಹಿಡಿದವರು, ಪ್ರಾಣಿಗಳು. ಒಂದು ಕಡೆ ಆ ಕುಣಿಯುವವರ ಪಕ್ಕದಲ್ಲೇ ಯಾರೋ ಸುಣ್ಣದಲ್ಲಿ ತಮ್ಮ ಹೆಸರು ಬರೆದಿದ್ದಾರೆ, ಇನ್ನೊಂದು ಹೆಸರನ್ನು ಹೃದಯದೊಳಗೆ ಹಾಕಿದ್ದಾರೆ. ನಾನು ಪ್ರತಿ ಸಲ ಇಲ್ಲಿ ಕಣ್ಣು ಬೇರೆ ಕಡೆ ತಿರುಗಿಸಿ ದಾಟುತ್ತೇನೆ.

ಒಂದು ತಾಸಿನ ಏರು. ಬೆವರು ಕಣ್ಣಿಗೆ ಇಳಿಯುತ್ತಿರುವಾಗ ಗುಡ್ಡ ಇದ್ದಕ್ಕಿದ್ದಂತೆ ಸಮತಟ್ಟಾಗುತ್ತದೆ.

ನಿಲ್ಲಿ.

ಮನೆಗಳು. ನೋಡಿದ ಕೂಡಲೇ ನಿಮಗೂ ಹಾಗೇ ಅನ್ನಿಸುತ್ತದೆ, ಯಾರೂ ಹೇಳಿಕೊಡಬೇಕಿಲ್ಲ. ಕಲ್ಲಿನ ಚಪ್ಪಡಿಯ ಗೋಡೆ, ಮೇಲೆ ಅಗಲವಾದ ಚಪ್ಪಡಿಯ ಚಾವಣಿ, ಒಂದು ಗೋಡೆಯ ನಡುವೆ ದುಂಡನೆಯ ಕಿಂಡಿ. ಒಂದರ ಹಿಂದೆ ಒಂದು, ಎಡಕ್ಕೆ, ಬಲಕ್ಕೆ, ಬಂಡೆಗಳ ಸಂದಿನಲ್ಲಿ. ಕೆಲವು ಮೊಣಕಾಲಿನೆತ್ತರ, ಕೆಲವು ನಿಮಗಿಂತಲೂ ಎತ್ತರ. ಕೇರಿಯೊಂದರ ಜನ ಬಾಗಿಲು ಹಾಕದೆ ಎಲ್ಲೋ ಹೊರಟುಹೋದ ಹಾಗಿದೆ.

ಬೃಹತ್ ಶಿಲಾಯುಗ ಎಂದು ನಾವು ಶಾಲೆಯಲ್ಲಿ ಓದಿದ್ದು ಇದನ್ನೇ. ಕ್ರಿಸ್ತಪೂರ್ವ 800ರಿಂದ 200ರ ನಡುವಿನ ಕಾಲ ಎಂದು ವಿದ್ವಾಂಸರು ಹೇಳುತ್ತಾರೆ. ಅಶೋಕನ ಶಾಸನ ಇಲ್ಲೇ ಕೊಪ್ಪಳದ ಗವಿಮಠದ ಬಂಡೆಯ ಮೇಲಿದೆ. ಅದನ್ನು ಕೆತ್ತುವ ಹೊತ್ತಿಗೆ ಈ ಗುಡ್ಡದ ಕೆಲವು ಕಲ್ಮನೆಗಳು ಆಗಲೇ ಹಳೆಯವಾಗಿದ್ದವು. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 19ನೇ ಶತಮಾನದಲ್ಲಿ ಸುರಪುರ ಸೀಮೆಯ ಇಂಥ ಗೋರಿಗಳ ಬಗ್ಗೆ ಬರೆದ. ನಮ್ಮವರೇ ಆದ ಅ. ಸುಂದರ ಅವರು ದಕ್ಷಿಣ ಭಾರತದ ಕಲ್ಗೋರಿಗಳ ಬಗ್ಗೆ ಬರೆದ ಪುಸ್ತಕ 1975ರಲ್ಲಿ ಬಂತು. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಇಷ್ಟೆಲ್ಲ ಆದರೂ ಇವತ್ತು ಬೆಳಗಿನಿಂದ ಇಲ್ಲಿ ಮೇಲೆ ಬಂದ ಹೊರಗಿನವರು ನಾವಿಬ್ಬರೇ ಇರಬೇಕು.

ಈ ಒಂದರ ಮುಂದೆ ಕೂತುಕೊಳ್ಳಿ, ನೆರಳಿದೆ. ಗೋಡೆಯ ಅಂಚನ್ನು ಮುಟ್ಟದೆ ನೋಡಿ. ಗಾರೆ ಇಲ್ಲ, ಮೊಳೆ ಇಲ್ಲ, ಅಡಿಪಾಯಕ್ಕೆ ಗುಂಡಿ ತೋಡಲು ಬಹಳ ಕಡೆ ಮಣ್ಣೂ ಇಲ್ಲ, ಬರಿ ಹಾಸುಬಂಡೆ. ಒಂದು ಚಪ್ಪಡಿ ಇನ್ನೊಂದಕ್ಕೆ ಆತು ನಿಂತಿದೆ, ಅದು ಮತ್ತೊಂದಕ್ಕೆ, ಮೇಲಿನ ಚಪ್ಪಡಿಯ ಭಾರ ಎಲ್ಲವನ್ನೂ ಒತ್ತಿ ಹಿಡಿದಿದೆ. ಹದ ಅಷ್ಟೇ. ಎರಡು ಸಾವಿರ ಮಳೆಗಾಲಗಳನ್ನು ಮೀರಿ ನಿಂತದ್ದು ಈ ಹದದ ಮೇಲೆ. ಯಾವುದೋ ಒಂದು ಗೋಡೆಗೆ ಹಾರೆ ಕೊಟ್ಟು ಮೀಟಿದರೆ ಸಾಕು, ನಾಲ್ಕೂ ಒಟ್ಟಿಗೆ ಬೀಳುತ್ತವೆ.

ಕಿಂಡಿಯೊಳಗೆ ಇಣುಕಿ. ತಂಪು ಗಾಳಿ ಮುಖಕ್ಕೆ ಬಡಿಯುತ್ತದೆ, ಬಾವಲಿಯ ವಾಸನೆ ಇದೆ. ಕಣ್ಣು ಹೊಂದಿಕೊಂಡ ಮೇಲೆ ನೆಲ ಕಾಣುತ್ತದೆ, ಅಷ್ಟೇ. ಕಿಂಡಿ ಯಾಕೆ? ಸತ್ತವರಿಗೆ ಅನ್ನ ನೀರು ಇಡಲೋ, ಮನೆತನದ ಮುಂದಿನ ಸಾವಿಗೆ ಮತ್ತೆ ತೆರೆಯಲೋ, ಒಳಗಿನ ಜೀವ ಹೊರಗೆ ಬರಲೋ. ನಮ್ಮ ಮನೆಗಳಲ್ಲಿ ಕಾಗೆಗೆ ಪಿಂಡ ಇಟ್ಟು ಬಾಗಿಲ ಮರೆಗೆ ನಿಂತು ಕಾಯುತ್ತೇವಲ್ಲ, ಆ ನೆನಪಾಗುತ್ತದೆ ನನಗೆ.

“ಎಲ್ಲಿಂದ ಬಂದೀರ್ರಿ?”

ಬೆಚ್ಚಬೇಡಿ. ಹಿಂದೆ ಬಂಡೆಯ ಮೇಲೆ ಹೆಗಲಿಗೆ ಕಂಬಳಿ, ಸೊಂಟಕ್ಕೆ ಸಣ್ಣ ಕೊಡಲಿ ಸಿಕ್ಕಿಸಿಕೊಂಡ ಕುರಿಗಾಹಿ ನಿಂತಿದ್ದಾರೆ. ಐವತ್ತರ ಮೇಲೆ ವಯಸ್ಸು. ಅವರ ಸುತ್ತ ಕುರಿಗಳ ಸದ್ದು, ಕುರಿಗಳು ಇನ್ನೂ ಕಾಣುತ್ತಿಲ್ಲ.

“ಬೆಂಗಳೂರು ಕಡೆಯಿಂದ ಯಜಮಾನ್ರೆ. ನೋಡಿ ಹೋಗೋಣ ಅಂತ.”

“ನೋಡ್ರಿ, ನೋಡ್ರಿ. ಇವು ಮೋರ್ಯಾರ ಮನಿ. ಗಿಡ್ಡ ಮಂದಿ ಇದ್ರಂತ, ಮೂರಡಿ ಅಷ್ಟ. ಈ ಕಿಂಡ್ಯಾಗ ನುಗ್ಗಿ ಒಳಗ ಮಕ್ಕೊಳೋರು. ನಮ್ಮಜ್ಜ ಹೇಳ್ತಿದ್ದ.”

ಈ ಗುಡ್ಡಕ್ಕೆ ಮೋರ್ಯರ ಗುಡ್ಡ ಎಂದೇ ಹೆಸರು. ಗಿಡ್ಡ ಮಂದಿಯ ಕಥೆ ಈ ಭಾಗದಲ್ಲೆಲ್ಲ ಇದೆ. ಪುರಾತತ್ವದವರು ಇದನ್ನು ಒಪ್ಪುವುದಿಲ್ಲ; ಗೋರಿ ಅದು, ಮನೆ ಅಲ್ಲ. ಆದರೂ ಈ ಕಥೆಗೆ ನಾನು ಕೈ ಮುಗಿಯುತ್ತೇನೆ. ಮನೆ ಎಂದು ನಂಬಿದವನು ಅದನ್ನು ಒಡೆಯಲು ಹಿಂಜರಿಯುತ್ತಾನೆ. ನಮ್ಮ ಅಜ್ಜಂದಿರ ಕಾಲದ ತನಕ ಈ ಗುಡ್ಡಕ್ಕೆ ಕಾವಲಿದ್ದದ್ದು ಮೂರಡಿಯ ಆ ಮೋರ್ಯರೇ.

“ಈ ಕಡಿ ಬರ್ರಿ,” ಎನ್ನುತ್ತಾರೆ ಅವರು. ದನಿ ಸ್ವಲ್ಪ ಇಳಿದಿದೆ. “ಇದನ್ನೂ ನೋಡ್ರಿ.”

ಎರಡು ಬಂಡೆಗಳ ಸಂದಿನಲ್ಲಿ ಅವರ ಹಿಂದೆ ನುಸುಳಿ. ಆಚೆ ಬದಿಗೆ ಒಂದು ಕಲ್ಮನೆ ಇತ್ತು. ಈಗ ಮೇಲಿನ ಚಪ್ಪಡಿ ಓರೆಯಾಗಿ ನೆಲಕ್ಕೆ ಬಿದ್ದಿದೆ, ಕಿಂಡಿ ಇದ್ದ ಗೋಡೆ ಕಿಂಡಿಯ ಮಧ್ಯಕ್ಕೇ ಸೀಳಿ ಎರಡು ಅರ್ಧಚಂದ್ರ ಆಗಿದೆ. ಒಡೆದ ಅಂಚು ಎಳೆಗೆಂಪು, ಹೊಳೆಯುತ್ತಿದೆ. ಹಳೆಯ ಕಲ್ಲಿನ ಮೈ ಬೂದು; ಈ ಕೆಂಪು ಈಚಿನ ದಿನಗಳದು. ಒಳಗಿನ ನೆಲದಲ್ಲಿ ಸೊಂಟದಾಳದ ಗುಂಡಿ. ಗುಂಡಿಯ ಬಾಯಿಯಲ್ಲಿ ಕೊಯ್ದ ನಿಂಬೆಹಣ್ಣು ಒಣಗಿ ಕಪ್ಪಾಗಿದೆ, ಕುಂಕುಮ ಮಳೆಗೆ ಕದಡಿ ಕಲ್ಲಿಗೆ ಹತ್ತಿದೆ, ತೆಂಗಿನ ಚಿಪ್ಪು, ಒಂದು ಗುಟ್ಕಾ ಚೀಟಿ.

“ಹೋದ ತಿಂಗಳ ಅಮಾಸಿಗೆ ಹಗದಾರ. ರಾತ್ರಿ ನಾಯಿ ಒದರಿದ್ವು. ಕರಡಿ ಬಂದೈತಿ ಅಂದ್ಕೊಂಡು ನಾನೂ ಸುಮ್ನ ಮಕ್ಕೊಂಡ್ನಿ.” ಅವರು ಅಷ್ಟು ಹೇಳಿ ನಿಲ್ಲಿಸುತ್ತಾರೆ. ಕಂಬಳಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಳ್ಳುತ್ತಾರೆ.

“ಏನಾದ್ರೂ ಸಿಕ್ಕಿತ್ತಂತಾ?”

“ಏನ್ ಸಿಗತೈತ್ರಿ? ಗಡಿಗಿ ಚೂರು. ಇಲ್ಲೇ ಒಗದು ಹೋಗ್ಯಾರ ನೋಡ್ರಿ.”

ಮಣ್ಣಿನ ಗುಪ್ಪೆಯಲ್ಲಿ ಚೂರುಗಳು ಕಾಣುತ್ತಿವೆ. ಒಳಮೈ ಕಪ್ಪು, ಹೊರಗೆ ಬಾಯಿಯ ಹತ್ತಿರ ಕಪ್ಪು, ಕೆಳಗೆ ಕೆಂಪು. ಬೃಹತ್ ಶಿಲಾಯುಗದ ಕುಂಬಾರರ ಕೈ ಗುರುತು ಅದು. ನಿಮ್ಮ ಕೈ ತಾನಾಗಿಯೇ ಮುಂದೆ ಹೋಗುತ್ತಿದೆ, ನನಗೆ ಗೊತ್ತು, ನನ್ನದೂ ಹೋಗುತ್ತದೆ. ಎತ್ತಬೇಡಿ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಿ. ಒಂದು ಚೂರು ತೆಗೆದು ಜೇಬಿಗೆ ಹಾಕಿಕೊಂಡರೆ ನಾವೂ ಆ ಅಮಾವಾಸ್ಯೆಯವರ ಹಿಂದೆ ಸಾಲಿನಲ್ಲಿ ನಿಂತ ಹಾಗೆ.

ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ಈ ಗುಂಡಿಯಲ್ಲಿ ಏನು ಹೋಯಿತು ಎಂದು ಹೇಳದೆ ನಾನು ಮುಂದೆ ನಡೆಯಲಾರೆ.

1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಇದೇ ಬಗೆಯ ಶಿಲಾಗೋರಿಗಳನ್ನು ಅಗೆಸಿದ. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಅಗೆಸಿದರು. ಇಂಥ ಗೋರಿಗಳಲ್ಲಿ ಸಿಗುವುದು ಏನು? ಸತ್ತವರ ಕೆಲವು ಎಲುಬು, ಮಡಕೆ ಕುಡಿಕೆ, ಕಬ್ಬಿಣದ ಕೊಡಲಿ, ಕತ್ತಿ, ಈಟಿ, ಒಮ್ಮೊಮ್ಮೆ ಮಣಿಗಳು. ಕೊಪ್ಪರಿಗೆ ತುಂಬ ಹೊನ್ನು ಹೂಳುವ ಜನ ಇವರಲ್ಲ. ತಮ್ಮ ದಿನದಿನದ ಪಾತ್ರೆಯನ್ನೂ ಹತಾರವನ್ನೂ ಸತ್ತವರ ಪಕ್ಕ ಇಟ್ಟು ಹೋದವರು.

ಅಗೆಯುವ ವಿದ್ವಾಂಸ ಅದನ್ನು ಹೇಗೆ ತೆಗೆಯುತ್ತಾನೆ ಗೊತ್ತೇ? ಕುಂಚದಿಂದ. ಬೆರಳ ದಪ್ಪ ಮಣ್ಣು ಸರಿಸಿ, ನಿಂತು, ಚಿತ್ರ ಬರೆದು, ಅಳತೆ ಹಿಡಿದು, ಮತ್ತೆ ಬೆರಳ ದಪ್ಪ. ಯಾವ ಕುಡಿಕೆ ಯಾವುದರ ಎಡಕ್ಕೆ ಇತ್ತು, ಬಾಯಿ ಮೇಲಿತ್ತೋ ಬೋರಲು ಇತ್ತೋ, ತಲೆಬುರುಡೆ ಯಾವ ದಿಕ್ಕಿಗೆ, ಒಬ್ಬರೋ ಇಬ್ಬರೋ, ಎರಡನೆಯವರನ್ನು ಇಟ್ಟದ್ದು ಎಷ್ಟು ಮಣ್ಣು ಕೂತ ಮೇಲೆ. ಇದ್ದಿಲ ಚೂರು ಸಿಕ್ಕರೆ ಕಾಲ ಲೆಕ್ಕ ಹಾಕುತ್ತಾರೆ. ಇನ್ನೊಂದು ವಿದ್ಯೆ ಇದೆ, ನನಗೆ ಅದು ಮೊದಲು ಕೇಳಿದಾಗ ರೋಮಾಂಚನವಾಗಿತ್ತು. ಮಣ್ಣಿನ ಮರಳುಕಣ ಕತ್ತಲಲ್ಲಿ ಹೂತಿರುವಾಗ ಸುತ್ತಲಿನ ಸೂಕ್ಷ್ಮ ವಿಕಿರಣವನ್ನು ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ. ಕೂಡಿದ್ದನ್ನು ಅಳೆದರೆ, ಆ ಕಣ ಕೊನೆಯ ಬಾರಿ ಸೂರ್ಯನನ್ನು ಕಂಡದ್ದು ಯಾವಾಗ ಎಂದು ತಿಳಿಯುತ್ತದೆ. ಅಂದರೆ ಈ ಮನೆಯೊಳಗೆ ಕತ್ತಲು ಕವಿದ ದಿನ. ಆದರೆ ಬೆಳಕು ಬಿದ್ದರೆ ಆ ಗಳಿಕೆಯೆಲ್ಲ ಹಾರಿಹೋಗುತ್ತದೆ, ಗಡಿಯಾರ ಸೊನ್ನೆಗೆ ಬಂದು ನಿಲ್ಲುತ್ತದೆ. ಅದಕ್ಕೇ ಅವರು ಮಾದರಿಯನ್ನು ಬೆಳಕು ಸೋಕದ ಹಾಗೆ ಕೊಳವೆಯಲ್ಲಿ ಮುಚ್ಚಿ ಒಯ್ಯುತ್ತಾರೆ.

ಈಗ ಆ ಗುಪ್ಪೆಯನ್ನು ನೋಡಿ. ಒಂದು ತಿಂಗಳಿಂದ ಬಿಸಿಲಿಗೆ ಬಿದ್ದಿದೆ.

ಕಳ್ಳನಿಗೆ ಏನೂ ಸಿಗಲಿಲ್ಲ ಎಂದು ಸಮಾಧಾನ ಪಡುವವರು ಇದ್ದಾರೆ. ನನಗೆ ಆ ಸಮಾಧಾನ ಇಲ್ಲ. ಈ ಮನೆಯಲ್ಲಿ ಮಲಗಿದ್ದವರು ಒಂದೇ ಒಂದು ರೀತಿಯಲ್ಲಿ ನಮ್ಮ ಜೊತೆ ಮಾತಾಡಬಲ್ಲವರಾಗಿದ್ದರು: ಇಟ್ಟ ವಸ್ತು ಇಟ್ಟಲ್ಲೇ ಇರುವುದರಿಂದ. ಅಕ್ಷರ ಬರೆದಿಡಲಿಲ್ಲ, ಶಾಪ ಕೆತ್ತಲಿಲ್ಲ, ಅವರ ನುಡಿ ಯಾವುದು ಎಂದೂ ತಿಳಿಯದು. ಬೆಳಿಗ್ಗೆ ಕಂಡ ಬೃಂದಾವನವನ್ನು ಭಕ್ತರು ಕಲ್ಲಿಗೆ ಕಲ್ಲು ಸೇರಿಸಿ ಎಬ್ಬಿಸಿದರು. ಅದೇ 2019ರ ಫೆಬ್ರುವರಿಯಲ್ಲಿ ಹಂಪಿಯಲ್ಲಿ ಕಂಬ ಉರುಳಿಸಿದ ವಿಡಿಯೊ ಎಲ್ಲರ ಫೋನಿಗೂ ಬಂದು, ದೇಶವೇ ಕೂಗೆದ್ದು, ಕೊನೆಗೆ ಉರುಳಿಸಿದ ಯುವಕರ ಕೈಯಲ್ಲೇ ಕಂಬಗಳನ್ನು ಮತ್ತೆ ಎತ್ತಿ ನಿಲ್ಲಿಸಿದರು, ದಂಡವನ್ನೂ ಹಾಕಿದರು. ಇಲ್ಲಿ ಚಪ್ಪಡಿಯನ್ನು ಎತ್ತಿ ನಿಲ್ಲಿಸಬಹುದು, ಸಿಮೆಂಟು ಹಾಕಿ ಕಿಂಡಿಯನ್ನು ಕೂಡಿಸಬಹುದು. ಒಳಗಿನ ಮಣ್ಣನ್ನು ಹಿಂದಕ್ಕೆ ಜೋಡಿಸುವ ಕೈ ಇಲ್ಲ.

“ಫೋಟೊ ತಗೀರಿ ಸರ,” ಎನ್ನುತ್ತಾರೆ ಕುರಿಗಾಹಿ. “ಯಾರಿಗರ ಕಳಸ್ರಿ.”

ತೆಗೆಯೋಣ. ಗುಂಡಿಯ ಪಕ್ಕ ನಿಮ್ಮ ಬಾಟಲಿ ಇಡಿ, ಅಳತೆಗೆ ಆಗುತ್ತದೆ. ನಾಲ್ಕು ಬದಿಯಿಂದ. ಜಾಗದ ಗುರುತನ್ನು ಪುರಾತತ್ವ ಇಲಾಖೆಗೂ ಪೊಲೀಸರಿಗೂ ಕಳಿಸೋಣ; ಫೇಸ್‌ಬುಕ್ಕಿಗೆ ಹಾಕುವುದು ಬೇಡ. ಅಗೆದ ಜಾಗದ ಚಿತ್ರ ಇನ್ನೊಬ್ಬ ಅಗೆಯುವವನಿಗೆ ದಾರಿ ತೋರುತ್ತದೆ. ಇಲ್ಲಿ ಸಿಗ್ನಲ್ ಒಂದು ಕಡ್ಡಿ ಮಾತ್ರ ಇದೆ, ಸಂದೇಶ ಹೋಗಲು ಹೊತ್ತು ಹಿಡಿಯುತ್ತದೆ.

ಕಾವಲುಗಾರ ಎಲ್ಲಿ ಎಂದು ನೀವು ಕೇಳುತ್ತೀರಿ. ನಿಮಗೆ ಒಂದು ಲೆಕ್ಕ ಹೇಳುತ್ತೇನೆ. 2022ರಲ್ಲಿ ಕೇಂದ್ರದ ರಕ್ಷಣೆಯಲ್ಲಿದ್ದ ಸ್ಮಾರಕಗಳು 3,693. ಅವುಗಳಲ್ಲಿ ಕಾವಲುಗಾರರನ್ನು ಇಡಲು ಆಗಿದ್ದುದು 248 ಕಡೆ ಎಂಬುದು ಆ ವರ್ಷದ ಡಿಸೆಂಬರಿನಲ್ಲಿ ಸಂಸದೀಯ ಸಮಿತಿಯ ವರದಿಯಿಂದ ಹೊರಬಂತು. 2013ರಲ್ಲಿ ಮಹಾಲೇಖಪಾಲರ ವರದಿ 92 ಸ್ಮಾರಕಗಳು ಜಾಗದಲ್ಲಿಲ್ಲ ಎಂದಿತ್ತು. ಆಮೇಲೆ ಹುಡುಕಾಡಿ ಹಲವನ್ನು ಪತ್ತೆ ಮಾಡಿದರು, 24 ಕೊನೆಗೂ ಸಿಗಲಿಲ್ಲ. ಸ್ಮಾರಕ ಎಂದರೆ ಕಲ್ಲು ಕಟ್ಟಡ, ಅದೇ ಕಳೆದುಹೋಗಿದೆ. ರಕ್ಷಿತ ಸ್ಮಾರಕವನ್ನು ಹಾಳು ಮಾಡಿದವನಿಗೆ ಎರಡು ವರ್ಷದ ತನಕ ಸೆರೆ, ಒಂದು ಲಕ್ಷದ ತನಕ ದಂಡ ಎಂದು ಕಾಯ್ದೆ 2010ರಿಂದ ಹೇಳುತ್ತದೆ. ಸ್ಮಾರಕದ ಸುತ್ತ 100 ಮೀಟರ್ ಏನೂ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು. ಒಳ್ಳೆಯ ಕಾಯ್ದೆ. ಅಮಾವಾಸ್ಯೆಯ ರಾತ್ರಿ ಗುಡ್ಡದ ಮೇಲೆ ಅದನ್ನು ಓದಿ ಹೇಳುವವರು ಬೇಕಲ್ಲ.

ಬಿಸಿಲು ಇಳಿಯುವ ತನಕ ಇನ್ನೂ ಒಂದು ಜಾಗ ಇದೆ. ಕೊಳ ದಾಟಿ ಹೋಗಬೇಕು. ಈ ಕೊಳ ಕೂಡ ಗೋರಿ ಕಟ್ಟಿದವರದೇ ಕೈಕೆಲಸ ಎನ್ನುತ್ತಾರೆ. ಚಪ್ಪಡಿ ಎಬ್ಬಿಸಿದ ತಗ್ಗಿನಲ್ಲಿ ನೀರು ನಿಂತು ಕೆರೆಯಾಯಿತು. ಕುರಿಗಳು ಆಗಲೇ ಅಲ್ಲಿ ಕುಡಿಯುತ್ತಿವೆ. ಸತ್ತವರಿಗೆ ಮನೆ ಕಟ್ಟುತ್ತ ಬದುಕಿರುವವರಿಗೆ ನೀರು ಮಾಡಿಕೊಂಡ ಈ ಜನ ನನಗೆ ಬಹಳ ಇಷ್ಟ.

ತಲೆ ಎತ್ತಿ. ಎತ್ತರದ ದೊಡ್ಡ ಗುಂಡಿನ ಮೇಲೆ ಇನ್ನೊಂದು ಕಲ್ಲು, ನಗಾರಿಯನ್ನು ಬೋರಲು ಹಾಕಿದ ಹಾಗೆ. ಅಡ್ಡಗಲ ಎರಡು ಮೀಟರ್. ನಗಾರಿ ಬಂಡೆ ಎಂದೇ ಕರೆಯುತ್ತಾರೆ. ಕುರಿಗಾಹಿ ಹಿಂಬದಿಯಿಂದ ಬರಿಗಾಲಲ್ಲಿ ಸರಸರ ಏರಿ, ನಿಮಗೆ ಕೈ ಕೊಡುತ್ತಾರೆ. ಮೇಲೆ ನಿಂತರೆ ಗುಡ್ಡದ ಎಲ್ಲ ಮಗ್ಗುಲೂ ಕಾಣುತ್ತದೆ. ಕೆಳಗೆ ಕಲ್ಮನೆಗಳ ಕೇರಿ, ಆಚೆ ಭತ್ತದ ಹಳದಿ, ದೂರದಲ್ಲಿ ಕಾಲುವೆಯ ಗೆರೆ. ಇನ್ನೂ ಆಚೆ, ಒಂದು ಗುಡ್ಡದ ಮಗ್ಗುಲು ಬೆಳ್ಳಗೆ ಕಿತ್ತುಹೋಗಿದೆ. ಕಲ್ಲುಕ್ವಾರಿ.

ನಿಮಗೆ ಬಾರಿಸಿ ನೋಡುವ ಆಸೆ. ನೆಲದ ಮೇಲೆ ಗುಂಡುಕಲ್ಲು ಹುಡುಕುತ್ತಿದ್ದೀರಿ.

“ಬ್ಯಾಡ್ರಿ ಸರ,” ಅವರು ತಡೆಯುತ್ತಾರೆ. “ಕಲ್ಲಿಗೆ ಕಲ್ಲು ಬಡದ್ರ ಕೆತ್ತು ಹೋಕ್ಕೈತಿ. ಮತ್ತ ಸುಮ್‌ಸುಮ್ನ ಬಾರಿಸೂದಲ್ಲ ಇದು. ಮಂದೀನ್ನ ಕರಿಯಾಕ ಇಟ್ಟದ್ದು.”

ಗುಂಡುಕಲ್ಲನ್ನು ಇದ್ದಲ್ಲೇ ಇಟ್ಟುಬಿಡಿ.

ಸಂಜೆ ಈ ಗುಡ್ಡದ ಮೇಲೆ ಬೇಗ ಬರುತ್ತದೆ. ಬಂಡೆಗಳು ಮೊದಲು ಕಿತ್ತಳೆ, ಆಮೇಲೆ ತಾಮ್ರ, ಆಮೇಲೆ ಬೂದು. ಕಿಂಡಿಗಳೊಳಗೆ ಕತ್ತಲು ಆಗಲೇ ತುಂಬಿದೆ. ಇಳಿಯುವ ಹೊತ್ತು ಮೀರಿದೆ. ಅವರು ದಾರಿ ತೋರಿಸುತ್ತೇನೆ ಎಂದಿದ್ದಾರೆ. ಅದಕ್ಕೆ ಮೊದಲು ಒಂದು ಕೆಲಸ ಇದೆಯಂತೆ. ಒಡೆದ ಮನೆಯ ಹತ್ತಿರ ಮತ್ತೆ ಹೋಗಿ, ಗುಂಡಿಯ ಸುತ್ತ ಮುಳ್ಳಿನ ಗಿಡ ಕಡಿದು ಹಾಕುತ್ತಾರೆ. ಕುರಿ ಬೀಳದ ಹಾಗೆ. ಒಳಗಿನ ಯಾವುದನ್ನೂ ಮುಟ್ಟುವುದಿಲ್ಲ. ನೀವೂ ಒಂದು ಕೊಂಬೆ ಎಳೆದು ಕೊಡಿ, ಕೈಗೆ ಚುಚ್ಚೀತು, ಜೋಪಾನ. ಒಣಗಿದ ನಿಂಬೆಹಣ್ಣನ್ನು ಅವರು ಕಾಲಿನಿಂದಲೂ ಮುಟ್ಟದೆ ಕೊಡಲಿಯ ತುದಿಯಿಂದ ದೂರ ಸರಿಸುತ್ತಾರೆ. ಭಯ ಅವರಿಗೂ ಇದೆ.

“ಇವತ್ತು ಏನು ತಿಥಿ ಯಜಮಾನ್ರೆ?”

“ನಾಳಿ ಅಮಾಸಿ.”

ಕುರಿಗಾಹಿಯ ನಾಯಿ ಗುರ್ರೆನ್ನುತ್ತದೆ.

ಕೆಳಗೆ, ಗದ್ದೆ ಮುಗಿದು ಗುಡ್ಡ ಶುರುವಾಗುವಲ್ಲಿ, ಎರಡು ಬೈಕಿನ ದೀಪಗಳು. ಊರ ಕಡೆಯಿಂದ ಬಂದವಲ್ಲ. ಬಂಡಿ ಜಾಡಿನ ಮೇಲೆ ನಿಧಾನ ತೂಗಾಡುತ್ತ ಬರುತ್ತಿವೆ. ಯಾರೋ ಗದ್ದೆಗೆ ನೀರು ಕಟ್ಟಲು ಬಂದಿರಬಹುದು. ಸೌದೆಗೆ ಬಂದಿರಬಹುದು. ನಾವು ಮೂವರೂ ಮಾತಾಡುವುದಿಲ್ಲ. ಗುಡ್ಡದ ಬುಡಕ್ಕೆ ಬಂದು ದೀಪಗಳು ನಿಲ್ಲುತ್ತವೆ. ಒಂದು ಆರುತ್ತದೆ.

ಕುರಿಗಾಹಿ ಕಂಬಳಿಯನ್ನು ನಿಮ್ಮ ಕೈಗೆ ಕೊಡುತ್ತಾರೆ. ಕತ್ತಲಲ್ಲಿ ಅವರು ನಗಾರಿ ಬಂಡೆ ಏರುವುದು ಕಾಣುವುದಿಲ್ಲ, ಅಂಗಾಲು ಕಲ್ಲಿಗೆ ಉಜ್ಜುವ ಸದ್ದು ಕೇಳುತ್ತದೆ. ಆಮೇಲೆ ನಕ್ಷತ್ರಗಳಿಗೆ ಅಡ್ಡವಾಗಿ ಅವರ ಆಕಾರ. ಸೊಂಟದ ಕೊಡಲಿ ತೆಗೆದು ತಲೆಯ ಕಡೆಯನ್ನು ಮುಷ್ಟಿಯಲ್ಲಿ ಹಿಡಿದು, ಮರದ ಹಿಡಿಯನ್ನು ಮುಂದೆ ಮಾಡಿಕೊಂಡಿದ್ದಾರೆ.

ಮೊದಲ ಪೆಟ್ಟು ಕಿವಿಗಿಂತ ಮೊದಲು ಪಾದಕ್ಕೆ ತಾಗುತ್ತದೆ. ಲೋಹದ ದನಿಯೂ ಅಲ್ಲ, ತೊಗಲಿನ ದನಿಯೂ ಅಲ್ಲ. ಗುಡ್ಡದ ಹೊಟ್ಟೆಯಿಂದ ಬಂದ ಹಾಗಿದೆ. ಕಿಂಡಿಗಳೆಲ್ಲ ಅದನ್ನು ಒಳಗೆ ಎಳೆದುಕೊಂಡು ಹೊರಗೆ ಬಿಡುತ್ತಿವೆಯೇನೋ ಅನ್ನಿಸುತ್ತದೆ. ಎರಡನೆಯ ಪೆಟ್ಟು. ಕೆಳಗೆ ಊರಿನಲ್ಲಿ ನಾಯಿಗಳು ಎದ್ದಿವೆ. ಯಾರದೋ ಮನೆಯ ಮಾಳಿಗೆಯ ಮೇಲೆ ಟಾರ್ಚಿನ ಬೆಳಕೊಂದು ಹೊತ್ತಿ ಗುಡ್ಡದ ಕಡೆ ತಿರುಗುತ್ತದೆ.

ಬುಡದ ದೀಪ ನಿಂತಲ್ಲೇ ನಿಂತಿದೆ. ಅವರು ಮತ್ತೆ ಕೈ ಎತ್ತುತ್ತಾರೆ.